ಹಿಸ್ಸಾ ಎರಡು, ಬ

ಸಾಹೇಬರು ಊಟಕ್ಕೆ ಹೋಗಿದ್ದಾರೆ, ಅಂದ ಜವಾನ.
ಎರಡೂವರೆಗೆ ಬನ್ನಿ, ಮೂರಾದರೂ ಆದೀತು.
ಕಾರವಾರದಲ್ಲಿ ನನಗೆ ಗೊತ್ತಿರುವುದು ಮೂರೇ ಜಾಗ:
ಬಸ್ ಸ್ಟ್ಯಾಂಡು, ಕಚೇರಿ, ಝೆರಾಕ್ಸ್ ಅಂಗಡಿ.
ಹದಿನೆಂಟು ವರ್ಷದಿಂದ ನನ್ನ ಚಪ್ಪಲಿ ಸವೆದದ್ದು
ಈ ಮೂರರ ನಡುವೆಯೇ.

ಇವತ್ತು ಬಿಸಿಲು ಜಾಸ್ತಿ. ನೆರಳು ಹುಡುಕುತ್ತ
ಒಂದು ತಿರುವು ತಪ್ಪಿದೆ.
ಹಳೇ ಚೌಕ. ನಡುವೆ ಎಂಟು ಮೂಲೆಯ ವಾಜಂತ್ರಿ ಕಟ್ಟೆ,
ಎರಕದ ಕಂಬ, ಮೇಲೆ ತಗಡಿನ ಗುಮ್ಮಟ,
ಅಂಚಿಗೆ ಕುಪ್ಪಸದ ಕಸೂತಿಯಂತೆ ಕೊರೆದ ಮರದ ಝಾಲರಿ.
ಏಳು ಕಂಬಕ್ಕೆ ಹಸಿರು ಬಣ್ಣ ಬಿದ್ದಿದೆ.
ಎಂಟನೆಯದರ ಹೊತ್ತಿಗೆ ಡಬ್ಬಿಯ ತಳ ಕಂಡಿತೋ,
ಬಿಲ್ಲು ಪಾಸಾಯಿತೋ.

ಮೆಟ್ಟಿಲ ಮೇಲೆ ಖಾಲಿ ಬುಟ್ಟಿ ಬೋರಲು ಹಾಕಿ
ಮೀನಿನ ಹೆಂಗಸೊಬ್ಬಳು ಕಾಲು ನೀಡಿದ್ದಳು.
ಬಸ್ ಗೋ ಬಾಯ್, ಅಂದಳು ಬುಟ್ಟಿ ಸರಿಸಿ.
ಕೂತೆ. ಮಡಿಲಲ್ಲಿ ಕಡತ.
ಅದರ ಕೆಂಪು ದಾರ ಹಳತಾಗಿ ಗುಲಾಬಿಗೆ ತಿರುಗಿದೆ.

ಒಳಗೊಬ್ಬ ಮುದುಕ, ಇಸ್ತ್ರಿ ಮಾಡಿದ ಅಂಗಿ,
ಅದಕ್ಕೊಂದು ಬೇರೆಲ್ಲಿಂದಲೋ ತಂದು ಹೊಲಿದ ಹಿತ್ತಾಳೆ ಗುಂಡಿ,
ನೆಲ ಗುಡಿಸುತ್ತಿದ್ದ. ಪೂರ್ತಿ ನೆಲವನ್ನಲ್ಲ,
ಒಂದು ಮೂಲೆಯಷ್ಟನ್ನೇ.
'ಇದು ದೊಡ್ಡ ಡೋಲಿನ ಜಾಗ. ನನ್ನದು' ಅಂದ.
ಇನಾಸ ಅಂತ ಹೆಸರು.
ಶನಿವಾರ ಸಂಜೆ ಹನ್ನೊಂದು ಜನ ನಿಲ್ಲುತ್ತಿದ್ದರಂತೆ ಇಲ್ಲಿ.
ಒಮ್ಮೆ ಮಳೆ ಬಂದು ಇಡೀ ಚೌಕವೇ ಮೆಟ್ಟಿಲು ಹತ್ತಿ ಒಳನುಗ್ಗಿ
ಯಾರದೋ ಕೂಸಿನ ಟೊಪ್ಪಿಗೆ ತುತ್ತೂರಿಯ ಬಾಯಿಗೆ ಬಿದ್ದು
ಒಂದು ಸ್ವರ ಕೊನೆತನಕ ಹೊರಡಲೇ ಇಲ್ಲವಂತೆ.

ಆಮೇಲೆ ಬಗ್ಗಿ ಚಪ್ಪಡಿ ತೋರಿಸಿದ:
ಸೌಟಿನಷ್ಟು ತಗ್ಗು.
ಮಾಸ್ತರರ ಹಿಮ್ಮಡಿಯಂತೆ. ಮೂವತ್ತು ವರ್ಷ ತಾಳ ಹಾಕಿ ಹಾಕಿ
ಕಲ್ಲು ಕೊನೆಗೆ ಒಪ್ಪಿಕೊಂಡಿತಂತೆ.
ನನಗೆ ಕಚೇರಿಯ ಹೊಸ್ತಿಲು ನೆನಪಾಯಿತು.
ಅಲ್ಲಿ ಯಾರ ಕಾಲಿನ ಗುರುತೂ ನಿಲ್ಲುವುದಿಲ್ಲ. ಟೈಲ್ಸು.

'ನಡುವೆ ನಿಂತು ಏನಾದರೂ ಹೇಳು,
ಗುಮ್ಮಟ ತಿರುಗಿ ಹೇಳ್ತದೆ.
ಹಾಡೇ ಆಗಬೇಕಂತಿಲ್ಲ.'

ನಿಂತೆ. ಏನು ಹೇಳುವುದು?
ಊರ ದೇವರ ಹೆಸರು ಗಂಟಲತನಕ ಬಂತು.
ಅವನೀಗ ಅಣೆಕಟ್ಟಿನ ನೀರೊಳಗಿದ್ದಾನೆ, ಕರೆದರೆ ಏಳಲಾರ.
ಅಪ್ಪನ ಹೆಸರು? ಅದನ್ನು
ಅಫಿಡವಿಟ್ಟಿನ ಮೇಲೆ ಅಫಿಡವಿಟ್ಟಿನಲ್ಲಿ ಖರ್ಚು ಮಾಡಿ
ಅಪ್ಪನಿಗೇ ಉಳಿಸಿಲ್ಲ.
ನಿದ್ದೆಯಲ್ಲೂ ತಪ್ಪದೆ ಬಾಯಿಗೆ ಬರುವುದು ಒಂದೇ—

ಸರ್ವೆ ನಂಬರ್ ಅರವತ್ತೇಳು, ಹಿಸ್ಸಾ ಎರಡು, ಬ.

ಗುಮ್ಮಟ ಅರವತ್ತೇಳನ್ನು ನುಂಗಿತು.
ಹಿಸ್ಸೆಯನ್ನು ನುಂಗಿತು.
ಕೊನೆಯ ಅಕ್ಷರವನ್ನಷ್ಟೇ ಎಂಟೂ ಮೂಲೆಗೆ ಮುಟ್ಟಿಸಿ,
ದೀರ್ಘ ಕೊಟ್ಟು, ತಿರುಗಿ ಕಳಿಸಿತು:
ಬಾ.

ಕಚೇರಿಯಲ್ಲೂ ಬನ್ನಿ ಅನ್ನುತ್ತಾರೆ.
ಅದರ ಬೆನ್ನಿಗೊಂದು ತಾರೀಖು ಇರುತ್ತದೆ.

ಎರಡು ಅ ಚಿಕ್ಕಪ್ಪನದು. ಅ ಮತ್ತು ಬ ನಡುವೆ
ಒಂದು ಹೆಬ್ಬಲಸಿನ ಮರ, ಅದರ ಹಣ್ಣಿಗೆ
ವರ್ಷಕ್ಕೊಂದು ಜಗಳ, ಜಗಳಕ್ಕೊಂದು ಪಂಚಾಯ್ತಿ.
ಬೇಸಗೆಯಲ್ಲಿ ನೀರಿಳಿದಾಗ ಒಣಗಿದ ತುದಿ ಕಾಣುತ್ತದಂತೆ.
ಯಾರ ಬದಿಗೆ ವಾಲಿದೆಯೋ, ನೋಡಿಬಂದವರು ಹೇಳಲಿಲ್ಲ.
ನಾನೂ ಕೇಳಲಿಲ್ಲ.

'ಎಷ್ಟು ಗುಂಟೆ?' ಮೀನಿನವಳ ಪ್ರಶ್ನೆ.
ಎಂಟು.
'ಸಣ್ಣದು' ಅಂದಳು,
ಸಿಂಬಿ ಸರಿಮಾಡಿಕೊಂಡು ಬುಟ್ಟಿ ಎತ್ತಿ ಹೊರಟಳು.
ಇನಾಸ ತೊಡೆಯ ಮೇಲೆ ಅಂಗೈ ಬಡಿದ, ಒಮ್ಮೆ:
'ಡೋಲೂ ಹಾಗೇ ಅಂತಿತ್ತು ನೋಡು.
ಬ. ಬ.
ಉಳಿದವರಿಗೆಲ್ಲ ಏಳು ಸ್ವರ, ನನಗೆ ಅದೊಂದೇ.'

ಮೂರೂ ಕಾಲು. ಎದ್ದೆ.
ಹೋಗುವಾಗ ಚಪ್ಪಲಿ ಬಿಟ್ಟು
ಹಿಮ್ಮಡಿಯನ್ನು ಆ ತಗ್ಗಿಗೆ ಇಟ್ಟು ನೋಡಿದೆ.
ತಂಪಿತ್ತು. ನನ್ನ ಕಾಲಿಗೆ ದೊಡ್ಡದಾಯಿತು.

ಸಾಹೇಬರು ಮೀಟಿಂಗಿಗೆ ಹೋದರು, ಅಂದ ಜವಾನ,
ಸೋಮವಾರ ಬನ್ನಿ.
ಶನಿವಾರ ಕಚೇರಿ ಇರ್ತದಾ, ಕೇಳಿದೆ.
ತಲೆಯೆತ್ತಿ ನೋಡಿದ. ಹದಿನೆಂಟು ವರ್ಷದಲ್ಲಿ
ನಾನು ಕೇಳದ ಪ್ರಶ್ನೆ.
ಎರಡನೇ ಶನಿವಾರ ಬಿಟ್ಟು, ಅಂದ.