ಎಂಟು ವರ್ಷ ಮೇಲ್ಪಟ್ಟವರಿಗೆ

ಅಂತ ಡಬ್ಬಿಯ ಮೇಲೆ ಬರೆದಿತ್ತು.
ಶಾಲ್ಮಲಿಗೆ ಏಳೂವರೆ. ನನಗೆ ನಲವತ್ತೊಂದು.
ಲ್ಯಾಮಿಂಗ್ಟನ್ ರೋಡಿನ ಇಕ್ಕಟ್ಟು ಅಂಗಡಿ.
ಡಬ್ಬಿಯೊಳಗಿನದೆಲ್ಲ ಟಿಚ್ ಬಟನ್ನಿನ ಹಾಗೆ
ಟಪ್ ಟಪ್ ಕೂಡಿಕೊಳ್ಳುತ್ತದೆ.
ಪಕ್ಕದ್ದು ಬರೀ ಪ್ಲಾಸ್ಟಿಕ್ ಚೀಲ:
ಚಿಲ್ಲರೆ ಬಿಡಿಭಾಗ, ಸುರುಳಿ ಸುತ್ತಿದ ಬೆಸುಗೆ ತಂತಿ.

ಡಬ್ಬೀದೇ ಒಯ್ಯಿರಿ, ಕೈ ಸುಡೋದಿಲ್ಲ,
ಅಂದ ಅಂಗಡಿಯವ.
ನಕ್ಕೆ. ಹೆಬ್ಬೆರಳು ತೋರಿಸಲಿಲ್ಲ.

ಅಂಧೇರಿಯ ಆ ಬೇಲಿಯೊಳಗೆ ಹನ್ನೊಂದು ವರ್ಷ
ಹಸಿರು ಹಲಗೆಗೆ ಬೆಸುಗೆ ಇಟ್ಟವಳು ನಾನು.
ದಿನಕ್ಕೆ ಮುನ್ನೂರು.
ಎದುರಿಗೆ ಬಂದದ್ದಕ್ಕೆ ನಾಲ್ಕು ಚುಕ್ಕಿ, ಮುಂದಕ್ಕೆ ತಳ್ಳು.
ಅದು ಹಾಡುವುದೋ, ಲೆಕ್ಕ ಮಾಡುವುದೋ,
ಯಾವ ದೇಶದಲ್ಲಿ ಯಾರ ಕೈಯಲ್ಲಿ ಬೆಳಗುವುದೋ
ಕೇಳಿದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಿದ್ದ.

ಚೀಲದೊಳಗೆ ಮಡಿಚಿದ ಹಾಳೆ. ಮೊದಲ ಸಾಲು:
ಇದು ಬಾಗಿಲ ಗಂಟೆ.
ಅಷ್ಟು ಸಾಕಾಯಿತು.

ಭಾನುವಾರ ಅವಳ ಜೊತೆ ಕೂತು ಮಾಡೋಣವೆಂದು
ಹಿಟ್ಟಿನ ಡಬ್ಬದ ಹಿಂದೆ ಎತ್ತಿಟ್ಟಿದ್ದೆ.
ಶುಕ್ರವಾರ ರಾತ್ರಿ, ಕೊನೆಯ ಲೋಕಲ್ಲೂ ಹೋದ ಮೇಲೆ,
ತಡೆಯಲಾಗಲಿಲ್ಲ.
ಅಡುಗೆಕಟ್ಟೆ, ರಾಳದ ಹೊಗೆ,
ಒಂದು ಚುಕ್ಕಿ, ಇನ್ನೊಂದು. ಕೈ ಏನನ್ನೂ ಮರೆತಿರಲಿಲ್ಲ.
ಗುಂಡಿ ಒತ್ತಿದೆ.

ಶಾಲ್ಮಲಿ ಮಗ್ಗುಲು ಬದಲಿಸಿದಳು, ಅಷ್ಟೇ.
ಗೋಡೆಯಾಚೆ ಪೆಡ್ಣೇಕರ್ ಅಜ್ಜಿ ಚಿಲಕ ಸರಿಸಿ
ಯಾರೂ ಇಲ್ಲದ ಪಡಸಾಲೆಗೆ ಕೇಳಿದಳು,
ಕೋಣ್ ಆಹೇ?

ನಾನೇ, ಅಂದೆ ಮೆಲ್ಲಗೆ,
ಇನ್ನೊಮ್ಮೆ ಒತ್ತುತ್ತ.

ಭಾನುವಾರದೊಳಗೆ ಇದನ್ನೆಲ್ಲ ಬಿಡಿಸಿ,
ಕಾಲುಗಳ ಮೇಲಿನ ಬೆಸುಗೆ ಕೆರೆದು,
ಏನೂ ಅರಿಯದವಳ ಹಾಗೆ
ಚೀಲದ ಬಾಯಿ ಮತ್ತೆ ಅಂಟಿಸಬೇಕು.