ಎಡಗಾಲು

ಅಕ್ಟೋಬರ್ ಹದಿನೇಳು. ಉಷ್ಬಾ ಬೆಟ್ಟದ ಎರಡು ಕೋಡೂ ಮೋಡದೊಳಗೆ.
ಮೆಸ್ತಿಯಾ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ
ಗರಗಸದ ವೈರಿಗೆ ಟೇಪು ಸುತ್ತುತ್ತ ಕೂತಿದ್ದೆ.
ಕರೆಂಟು ಬಂದದ್ದು ಹನ್ನೊಂದಕ್ಕೆ.
ಅಷ್ಟೂ ಹೊತ್ತು ಬೆಂಚಿನ ಮೇಲೆ ಜಾನ್ಸುಗ್ ಪಾಲಿಯಾನಿ
ಪ್ಲಾಸ್ಟರು ಹಾಕಿದ ಕಾಲನ್ನು ಕುರ್ಚಿಗೆ ಚಾಚಿ
ತನ್ನ ಅಜ್ಜನ ಮೀನಖಂಡದ ಕಥೆ ಹೇಳಿದ.

ಉಪ್ಪಿನ ಮೂಟೆ ಹೊತ್ತು ಹಿಮದ ಕಣಿವೆ ದಾಟುತ್ತಿದ್ದನಂತೆ ಅಜ್ಜ.
ಒಂದು ಚಳಿಗಾಲವಿಡೀ ಜ್ವರದಲ್ಲಿ ಬಿದ್ದುಕೊಂಡಿದ್ದು
ಹಿಮ ಕರಗಿದ ದಿನ ಎದ್ದು
ಅದೇ ಮೂಟೆ, ಅದೇ ಕಣಿವೆ.
"ನಮ್ಮದು ಕರಗುವ ಜಾತಿಯ ಮಾಂಸವಲ್ಲ, ಗುರಾಂಡಾ.
ರಕ್ತದಲ್ಲೇ ಬರೆದಿದೆ."

ಬರೆದಿರಬಹುದು.
ತ್ಬಿಲಿಸಿಯಿಂದ ಬಂದ ಎಳೆಯ ಡಾಕ್ಟರಮ್ಮ ಹೇಳುತ್ತಾಳೆ:
ಅದೇ ಹಾಸಿಗೆ, ಅಷ್ಟೇ ದಿನ,
ಒಬ್ಬನಿಗೆ ಬೆರಳಷ್ಟು ಸವೆದರೆ ಇನ್ನೊಬ್ಬನಿಗೆ ಅಂಗೈಯಷ್ಟು.
ಹುಟ್ಟುವಾಗ ತಂದ ಲೆಕ್ಕ.
ಸವೆಯದೇ ಉಳಿದವನನ್ನು ಮಾತ್ರ ಅವಳೂ ಕಂಡಿಲ್ಲ,
ಹತ್ತೊಂಬತ್ತು ವರ್ಷ ಈ ಗರಗಸ ಹಿಡಿದ ನಾನೂ ಕಂಡಿಲ್ಲ.
ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು.
ಕುಡಿಕೆ ದೊಡ್ಡದಿದ್ದರೆ
ತಳ ಕಾಣುವುದು ಒಂಚೂರು ತಡ, ಅಷ್ಟೆ.

ಗರಗಸ ಕಿರುಚಿತು. ಬಿಳಿ ಹುಡಿ ಅವನ ಹುಬ್ಬಿನ ಮೇಲೆ ಕೂತಿತು.
ಆಗಸ್ಟಿನಲ್ಲಿ, ಇಳಿಜಾರಿನಲ್ಲಿ, ಹುಲ್ಲು ಕೊಯ್ಯುವಾಗ ಜಾರಿ
ಮುಚ್ಚಿಹೋಗಿದ್ದ ಕಾಲು.
ಚಿಪ್ಪು ಎರಡಾಗಿ ಬಿಡಿಸಿಕೊಂಡಾಗ
ಹಳೆ ಗಿಣ್ಣದ ವಾಸನೆ,
ಒಂದೆರಡು ಒಣ ಹುಲ್ಲಿನ ಎಸಳು,
ಮತ್ತೆ ಯಾರದೋ ಒಂದು ಕಾಲು.

ಬಲಗಾಲಿನ ಹಿಂದೆ ಮೀನು ಇತ್ತು,
ತುಂಬಿದ ಟ್ರೌಟು, ಬಾಲ ಹಿಮ್ಮಡಿಯ ಕಡೆಗೆ.
ಎಡಗಾಲಿನಲ್ಲಿ ಬರೀ ಬಲೆ.
ಟೇಪು ಹಿಡಿದೆ: ಬಲ ನಲವತ್ತೊಂದು, ಎಡ ಮೂವತ್ತೈದು.
ಒಬ್ಬಳೇ ತಾಯಿ, ಒಬ್ಬನೇ ತಂದೆ,
ಎರಡರ ಕಣಕಣದಲ್ಲೂ ಅಕ್ಷರ ತಪ್ಪದ ಒಂದೇ ಬರಹ,
ಒಂದೇ ಹೊಟ್ಟೆಯ ಕುಬ್ದಾರಿ ಹಂಚಿಕೊಂಡು ಬೆಳೆದವು.
ಒಂದಕ್ಕೆ ಕೆಲಸ ಹೇಳಿದರು, ಒಂದಕ್ಕೆ ಹೇಳಲಿಲ್ಲ.

ಇಲ್ಲಿ ಕೆಲವರು ಬೈಯುತ್ತಾರೆ, ಕೆಲವರು ನಗುತ್ತಾರೆ.
ಒಬ್ಬ, ಚಿಪ್ಪನ್ನು ವಾಪಸು ಮುಚ್ಚಿಬಿಡು ಅಂದಿದ್ದ.
ಜಾನ್ಸುಗ್ ಬಗ್ಗಿದ. ಮೊಳಕಾಲಿನ ಕೆಳಗೆ
ಕುಡುಗೋಲಿನಂತೆ ಹೊರಕ್ಕೆ ತುಸು ಬಾಗಿದ ಎಲುಬಿನ ಅಂಚನ್ನು
ಬೆರಳಲ್ಲಿ ಸವರಿದ, ಎರಡು ಸಲ.
"ಇದು ನಮ್ಮಮ್ಮನ ಕಾಲು" ಅಂದ.

ಶುಶಾನ. ಕೆಳಗಿನ ಬಯಲಿನಿಂದ ಬಂದವಳು,
ನಮ್ಮ ಮಾತು ಕೊನೆಯವರೆಗೂ ನಾಲಿಗೆಗೆ ಹತ್ತಲಿಲ್ಲ.
ಕಿಟಕಿಯ ಪಕ್ಕ ಹೊಲಿಗೆ ಯಂತ್ರ ತುಳಿಯುತ್ತ ಕೂತಿರುತ್ತಿದ್ದಳು,
ಸ್ಕರ್ಟಿನ ಕೆಳಗೆ ಆ ಕೋಲುಗಾಲು ಏರುತ್ತ ಇಳಿಯುತ್ತ.
ಮಗ ಹುಟ್ಟಿದಾಗ ಊರಿಗೆ ಊರೇ ತೊಟ್ಟಿಲು ಬಗ್ಗಿ ನೋಡಿ
"ಅಜ್ಜನ ಪಡಿಯಚ್ಚು" ಅಂದಿತ್ತು.
ಅವಳ ಪಾಲು ಯಾವುದೆಂದು ಯಾರೂ ಹುಡುಕಲಿಲ್ಲ,
ಅವಳೂ ಕೇಳಲಿಲ್ಲ.
ಐವತ್ತೆರಡು ವರ್ಷ
ಅಜ್ಜನ ಮಾಂಸದ ಅಡಿಯಲ್ಲಿ
ಅವಳ ಎಲುಬು ನಿಂತೇ ಇತ್ತು.

ಏನು ಹೇಳಲಿ? ಹೇಳಬೇಕಾದ್ದನ್ನು ಹೇಳಿದೆ.
ಗೋಡೆ ಹಿಡಿದು ನಿಲ್ಲು. ಹಿಮ್ಮಡಿ ಎತ್ತು, ಇಳಿಸು.
ದಿನಕ್ಕೆ ಅರವತ್ತು. ನೋವಾದರೆ ನಲವತ್ತು.
ಬರುತ್ತದೆ, ಹೋದ ದಾರಿಯಲ್ಲೇ, ನಿಧಾನಕ್ಕೆ.
"ಪೂರ್ತಿ?" ಅಂದ.
ಹೆದರಿ ಕೇಳಿದನೋ, ಆಸೆಯಿಂದಲೋ, ಗೊತ್ತಾಗಲಿಲ್ಲ.

"ಯಂತ್ರ ಅಟ್ಟದ ಮೇಲೆ ಇದೆ" ಅಂದ ಆಮೇಲೆ. "ಪೆಡಲು ತುಕ್ಕು ಹಿಡಿದಿರಬೇಕು."
"ಎಣ್ಣೆ ಬಿಡು" ಅಂದೆ.

ಊರುಗೋಲು ಕೊಟ್ಟೆ. ಉಣ್ಣೆಯ ಕಾಲುಚೀಲ ಎಳೆದುಕೊಂಡ;
ಬಲದ್ದು ಕಚ್ಚಿ ನಿಂತಿತು,
ಎಡದ್ದು ಸರ್ರನೆ ಪಾದಕ್ಕೆ ಇಳಿಯಿತು.
ಮತ್ತೆ ಎಳೆದ. ಮತ್ತೆ ಇಳಿಯಿತು.
ಬ್ಯಾಂಡೇಜು ಬಟ್ಟೆ ಒಂದು ಗೇಣು ಹರಿದು
ಮೊಣಕಾಲಿನ ಕೆಳಗೆ ಕಟ್ಟಿದೆ,
ಶಾಲೆಗೆ ಹೊರಟ ಹುಡುಗನಿಗೆ ಕಟ್ಟುವ ಹಾಗೆ,
ಬಿಗಿಯಾಗಿ ಅಲ್ಲ.