ನಾರಿನ ಉಡಿದಾರ

ತಕ್ಕಡಿ ಹತ್ತುವ ಮುಂಚೆ ಸೊಂಟದ ಚಾಪೆ ಬಿಚ್ಚಿಡಬೇಕು.
ಈ ವವಾಉ ದ್ವೀಪದಲ್ಲಿ ತಾಓವಾಲ ಉಡದೆ
ಎದುರು ನಿಲ್ಲುವುದೆಂದರೆ ಅರೆಬತ್ತಲೆ ನಿಂತ ಹಾಗೆ;
ಅದಕ್ಕೇ ಪರದೆ ಎಳೆಯುತ್ತೇನೆ.
ಚಾಪೆಯೊಂದೇ ಒಂದೂವರೆ ಕಿಲೋ.
"ಚರ್ಚನ್ನೂ ಕಳೆದು ಬರೆದುಕೋ, ಸಿಸ್ಟರ್,
ಭಾನುವಾರದ ಊಟ ಇನ್ನೂ ಒಳಗಿದೆ" ಅಂತಾನೆ ಫೆಲೆತಿ,
ಇಪ್ಪತ್ತಾರರ ಆಳು, ನಕ್ಕರೆ ಬೆಂಚು ಅಲ್ಲಾಡುತ್ತದೆ.

ಚಾಪೆಯ ಮೇಲೆ ಕಟ್ಟುವ ಹಗ್ಗ ಅವನ ತಾತನದು,
ತೆಂಗಿನ ನಾರು ಹೆಣೆದದ್ದು, ಬೆವರಿಗೆ ಕಪ್ಪಾದದ್ದು.
ನನ್ನ ಟೇಪಿಗಿಂತ ಮೊದಲೇ ಅವನನ್ನು ಅಳೆದದ್ದು.

ಒಂಬತ್ತರಲ್ಲಿ ಶಾಲೆಯ ತಪಾಸಣೆಗೆ ಬಂದಾಗ
ಎರಡು ಸುತ್ತು ಸುತ್ತಿ, ಗಂಟು ಹಾಕಿ,
ಮಿಕ್ಕ ತುದಿ ಮೊಣಕಾಲಿಗೆ ಬಡಿಯುತ್ತಿತ್ತು.
ಹದಿಮೂರರಲ್ಲಿ ಬೀಪಿಯ ಮಕ್ಕಳ ಪಟ್ಟಿ ತೋಳಿಗೆ ಸಾಲದೆ
ದೊಡ್ಡವರ ಪಟ್ಟಿ ತಂದು ಗಾಳಿ ತುಂಬಿದೆ.
ಅಜ್ಜಿ ತೊಕಿಲುಪೆ ಬಾಗಿಲಲ್ಲೇ ನಿಂತು ಉಬ್ಬಿದಳು:
"ನೋಡಿದೆಯಾ, ಹುಡುಗ ಹೇಗೆ ಮೈಕೈ ತುಂಬಿಕೊಂಡಿದ್ದಾನೆ!"
ಉಂಡವನ ಮೈ ಉಣಿಸಿದವಳ ಮರ್ಯಾದೆ.
ನಾನೇನು ಹೇಳಲಿ?
ನನ್ನ ಕೈಯಲ್ಲೂ ಅವಳು ಕೊಟ್ಟ ಎಲೆಪೊಟ್ಟಣ,
ಕೆಸುವಿನೆಲೆಯೊಳಗೆ ಕೊಬ್ಬು ಕರಗಿದ ಕುರಿಮಾಂಸ,
ಇನ್ನೂ ಬಿಸಿ.

ಗುರುವಾರ ಹಡಗು ಬರುತ್ತದೆ.
ಬೇರೆ ದೇಶದವರು ತಮ್ಮ ತಟ್ಟೆಗೆ ಬೇಡವೆಂದ
ಕುರಿಯ ಹೊಟ್ಟೆಭಾಗ ಕಲ್ಲಿನಂತೆ ಹೆಪ್ಪುಗಟ್ಟಿ ಇಳಿಯುತ್ತದೆ.
ಸುತ್ತಲೂ ಸಮುದ್ರ; ಮೀನು ಅದಕ್ಕಿಂತ ತುಟ್ಟಿ.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು
ನಮೂನೆಯಲ್ಲಿ ಹೇಳಿಲ್ಲ.

ಹದಿನೇಳರಲ್ಲಿ, ರಗ್ಬಿ ತಂಡದ ಮುಂಚೂಣಿಯಲ್ಲಿದ್ದಾಗ,
ದ್ವೀಪ ದ್ವೀಪ ಸುತ್ತುವ ಡಾಕ್ಟರು ಪೆಟ್ಟಿಗೆ ಹೊತ್ತು ಬಂದರು.
ತಣ್ಣನೆಯ ಜೆಲ್ಲಿ. ಬೂದುಬಣ್ಣದ ಪರದೆ.
ಒಳಗೆ ಮುಷ್ಟಿಯೊಂದು ಬಿಚ್ಚಿ, ಮಡಚಿ, ಬಿಚ್ಚಿ.
ಗೋಡೆ ಒಂದಿಷ್ಟು ದಪ್ಪ, ಎಂದರು,
ಕಾಯಿಲೆಯಲ್ಲ, ಇನ್ನೂ ಅಲ್ಲ;
ಹೊರೆ ಹೊತ್ತು ಹೊತ್ತು ರಟ್ಟೆ ಬಲಿತ ಹಾಗೆ.
ಅವನಿಗೆ ಖುಷಿಯೋ ಖುಷಿ: ನನ್ನ ಹೃದಯಕ್ಕೂ ರಟ್ಟೆ ಇದೆ!
ಮೈದಾನದ ತುಂಬ ಸಾರಿಕೊಂಡು ಬಂದ.

ನೋವಿರಲಿಲ್ಲ. ಅದೇ ತೊಂದರೆ.
ನಾಲಿಗೆ ಉಂಡದ್ದನ್ನು ಸಂಜೆಗೆ ಮರೆಯುತ್ತದೆ;
ಎದೆ ತುತ್ತು ತುತ್ತನ್ನೂ ಎಣಿಸಿರುತ್ತದೆ,
ಕೇಳಿದರೆ ಮಾತ್ರ ಬಾಯಿ ಬಿಡುವುದಿಲ್ಲ.

ಇವತ್ತು ಬೆರಳು ಚುಚ್ಚಿದೆ.
ಅವನ ಅಪ್ಪನಿಗೆ ಐವತ್ತರಲ್ಲಿ ಬಂದ ಸಕ್ಕರೆಯ ಅಂಕಿ.
"ಯಾವಾಗ ಶುರುವಾಯಿತು?" ಕೇಳಿದ, ಮೊದಲ ಬಾರಿ ನಗದೆ.
ಹಳೆಯ ಕಾರ್ಡು ತಿರುವಿದೆ. ಒಂಬತ್ತು, ಹದಿಮೂರು, ಹದಿನೇಳು,
ಎಲ್ಲ ನನ್ನದೇ ದುಂಡಕ್ಷರ,
ಎಲ್ಲದರ ಕೆಳಗೆ ನನ್ನದೇ ಸಹಿ.
ಕಂಡಿದ್ದೆ. ಬರೆದಿದ್ದೆ. ಮುಂದಿನ ವರ್ಷ ಬಾ, ಅಂದಿದ್ದೆ.

ಅವನ ಮಗಳು ಮೆಲೆಸೇನಿ, ನಾಲ್ಕು ವರ್ಷ,
ಬೆಂಚಿನ ಕೆಳಗೆ ಹಗ್ಗ ಸುತ್ತಿಕೊಳ್ಳುತ್ತಿದ್ದಾಳೆ:
ಒಂದು, ಎರಡು, ಮೂರು,
ಅಲ್ಲಿ ಲೆಕ್ಕ ತಪ್ಪಿ ಮತ್ತೆ ಒಂದರಿಂದ.
ಬಾಯಲ್ಲಿ ಅರ್ಧ ಬಿಸ್ಕತ್ತು.
ಅವನು ಅವಳನ್ನೇ ನೋಡಿದ, ಬಹಳ ಹೊತ್ತು.
"ಅವಳನ್ನೂ ಹತ್ತಿಸಲಾ?"
ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತಂದೆ.
ಸೊನ್ನೆಯಲ್ಲೇ ಇತ್ತು, ಆದರೂ.

ಆಮೇಲೆ ಚಾಪೆ ಉಟ್ಟುಕೊಂಡ. ಹಗ್ಗ
ಈಗ ಒಂದೇ ಸುತ್ತು; ಗಂಟಿಗೆ ಹೇಗೋ ಸಾಕು.
ಜಾರದಿರಲೆಂದು ಮಗಳು
ಗಂಟು ಬೀಳುವಲ್ಲಿ ಬೆರಳಿಟ್ಟು ಒತ್ತಿ ಹಿಡಿದಳು.
"ಎಳಿ, ಅಪ್ಪ" ಎಂದಳು.
ಅವನು ಉಸಿರು ಒಳಗೆಳೆದುಕೊಂಡ.